ಆಟ ಕೊಳ್ಳುವ ಮುಂಚೆ ಅದರೊಳಗಿನ ಅಂಗಡಿ ನೋಡಿ

ಒಂದು ರಜೆಯ ದಿನ ನಾನು ಆಡುತ್ತಿದ್ದ ಆಟವನ್ನು ತಾನೂ ಮೊದಲಿಂದ ಆಡಬೇಕು ಅಂತ ನನ್ನ ತಮ್ಮ ಪಕ್ಕದಲ್ಲಿ ಬಂದು ಕೂತ. ಪೂರ್ತಿ ಬೆಲೆ ಕೊಟ್ಟು ಕೊಂಡ ಆಟ ಅದು. 'ಹೊಸ ಆಟ' ಒತ್ತಿದೆ. ಎರಡನೇ ಸೇವ್ ಸ್ಲಾಟ್ (ಆಡಿದ್ದನ್ನು ಉಳಿಸಿಡುವ ಜಾಗ) ಬೇಕಾದರೆ ನಾಣ್ಯ ಕೊಡಿ, ಬೇಡವಾದರೆ ಈಗಿರುವುದನ್ನು ಅಳಿಸಿ ಎಂದು ಪರದೆ ಮೇಲೆ ಬಂತು. ನಾಣ್ಯ ಬೇಕೆಂದರೆ ಮತ್ತೆ ಕಾರ್ಡ್ ತೆಗೆಯಬೇಕು. ಅಳಿಸಿದರೆ ನನ್ನ ಮೂವತ್ತು ಗಂಟೆಯ ಆಟ ಹೋಗುತ್ತದೆ. ತಮ್ಮ ಕಂಟ್ರೋಲರ್ ಕೆಳಗಿಟ್ಟು "ಬಿಡಕ್ಕಾ, ನೀನೇ ಆಡು" ಅಂದ. ಅವನ ಮುಖ ಸಪ್ಪಗಾಗಿದ್ದು ಇನ್ನೂ ಕಣ್ಣ ಮುಂದಿದೆ.

ಅವತ್ತಿನಿಂದ ಯಾವ ಆಟವನ್ನೂ ಟ್ರೇಲರ್ ನೋಡಿ ಕೊಂಡಿಲ್ಲ. ಮೊದಲು ನೋಡುವುದು ಅದರೊಳಗೆ ಏನೇನು ಮಾರಾಟಕ್ಕಿದೆ ಅಂತ. ಹೇಗೆ ನೋಡುತ್ತೇನೆ ಎಂದು ಹೇಳುತ್ತೇನೆ.

ಮೊದಲು ಆಟದ ಸ್ಟೋರ್ ಪುಟ ತೆರೆಯಿರಿ. ಪ್ಲೇ ಸ್ಟೋರ್‌ನಲ್ಲಿ ಹೆಸರಿನ ಕೆಳಗೆ 'ಇನ್-ಆ್ಯಪ್ ಪರ್ಚೇಸಸ್' (ಆಟದೊಳಗಿನ ಖರೀದಿ) ಎಂದಿದ್ದರೆ, ವಿವರಣೆಯ ಕೊನೆಯ ತನಕ ಹೋಗಿ. ಒಂದೊಂದು ವಸ್ತುವಿನ ಬೆಲೆ ಎಷ್ಟರಿಂದ ಎಷ್ಟರವರೆಗೆ ಎಂದು ಅಲ್ಲಿರುತ್ತದೆ. ಕಡಿಮೆ ಬೆಲೆ ಬಿಡಿ, ಜಾಸ್ತಿ ಬೆಲೆ ನೋಡಿ. ಆಪ್ ಸ್ಟೋರ್‌ನಲ್ಲಿ ಇನ್ನೂ ಅನುಕೂಲ, ಮಾರಾಟದ ವಸ್ತುಗಳ ಹೆಸರೇ ಪಟ್ಟಿಯಲ್ಲಿರುತ್ತದೆ. ಕಂಪ್ಯೂಟರ್ ಆಟ ಮಾರುವ ಸ್ಟೀಮ್‌ನಲ್ಲಾದರೆ ಡಿಎಲ್‌ಸಿ, ಅಂದರೆ ಆಟಕ್ಕೆ ಬೇರೆಯಾಗಿ ಮಾರುವ ಹೆಚ್ಚುವರಿ ಭಾಗಗಳ ಪಟ್ಟಿಯನ್ನು ಒಂದೊಂದಾಗಿ ಓದಿ.

ಓದುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಇಲ್ಲದಿದ್ದರೆ ಆಟ ಪೂರ್ತಿಯಾಗಿರುತ್ತದಾ? 2006ರಲ್ಲಿ 'ಆಬ್ಲಿವಿಯನ್' ಆಟದಲ್ಲಿ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರ್‌ಗೆ ಮಾರಿದಾಗ ಆಟಗಾರರು ಸಿಟ್ಟಾದರು. ಆದರೂ ಆ ಕವಚ ಕೊಳ್ಳದವರಿಗೆ ಕಥೆಯಲ್ಲಿ ಏನೂ ಕಮ್ಮಿಯಾಗಲಿಲ್ಲ. 2012ರ 'ಅಸುರಾಸ್ ರಾತ್' ಹಾಗಲ್ಲ. ಅದರ ಕಥೆಯ ನಿಜವಾದ ಕೊನೆಯನ್ನೇ ಬೇರೆಯಾಗಿ ಮಾರಿದರು. ಅದೇ ವರ್ಷ 'ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕನ್'ನಲ್ಲಿ 12 ಪಾತ್ರಗಳು ಡಿಸ್ಕ್‌ನಲ್ಲೇ ಇದ್ದವು, ಆದರೆ ಬೀಗ ಹಾಕಿ ಇಟ್ಟಿದ್ದರು. ಡಿಸ್ಕ್ ಕೊಂಡವರು ಅವುಗಳಿಗೆ ಮತ್ತೆ ದುಡ್ಡು ಕೊಡಬೇಕಿತ್ತು. ಬಣ್ಣ, ಬಟ್ಟೆ, ಕುಣಿತ ಮಾರಿದರೆ ನನ್ನ ತಕರಾರಿಲ್ಲ, ಇಷ್ಟವಾದರೆ ನಾನೂ ಕೊಳ್ಳುತ್ತೇನೆ. ಸೇವ್ ಸ್ಲಾಟ್, ಕಥೆಯ ಕೊನೆ, ಆಟದೊಳಗಿನ ಚೀಲದಲ್ಲಿ ಜಾಗ, 'ಇಷ್ಟು ಹೊತ್ತು ಕಾಯಿ, ಇಲ್ಲವೇ ದುಡ್ಡು ಕೊಡು' ಎನ್ನುವ ಗಡಿಯಾರ, ಇವು ಮಾರಾಟಕ್ಕಿದ್ದರೆ ಆ ಆಟ ನನಗೆ ಬೇಡ.

ಬಿಡುಗಡೆಯ ದಿನದ ವಿಮರ್ಶೆಯೊಂದನ್ನೇ ನಂಬಬೇಡಿ. 2019ರ ಜೂನ್‌ನಲ್ಲಿ ಬಂದ 'ಕ್ರ್ಯಾಶ್ ಟೀಮ್ ರೇಸಿಂಗ್ ನೈಟ್ರೋ-ಫ್ಯೂಯಲ್ಡ್'ನಲ್ಲಿ, ನಿಜವಾದ ಹಣಕ್ಕೆ ನಾಣ್ಯ ಮಾರುವುದು ಶುರುವಾಗಿದ್ದು ಆಗಸ್ಟ್‌ನಲ್ಲಿ. ಅಷ್ಟರಲ್ಲಿ ವಿಮರ್ಶೆಗಳೆಲ್ಲ ಬಂದಾಗಿತ್ತು. ಎರಡು ಮೂರು ತಿಂಗಳು ತಡೆದು, ಹೊಸದಾಗಿ ಬರೆದ ಆಟಗಾರರ ಅಭಿಪ್ರಾಯ ಓದಿ. ಅದರಲ್ಲೂ ಕಡಿಮೆ ಅಂಕ ಕೊಟ್ಟವರದ್ದು.

ಇನ್ನು ಲೆಕ್ಕ. ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮಗೆ ಬೇಕಾದ ವಸ್ತುವಿಗೆ 800 ಜೆಮ್ಸ್ (ಆಟದೊಳಗಿನ ದುಡ್ಡು) ಅಂದುಕೊಳ್ಳಿ. ಅಂಗಡಿಯಲ್ಲಿ ಸಿಗುವುದು 500ರ ಕಟ್ಟು, ಇಲ್ಲವೇ 1,200ರ ಕಟ್ಟು. 500ರದ್ದು ಎರಡು ತಗೊಂಡರೆ 200 ಉಳಿಯುತ್ತದೆ, 1,200ರದ್ದು ತಗೊಂಡರೆ 400. ಆ ಉಳಿಕೆಗೆ ಅಲ್ಲಿ ಏನೂ ಬರುವುದಿಲ್ಲ. ಅದನ್ನು ಸುಮ್ನೆ ಬಿಡಲು ಮನಸ್ಸಾಗದೆ ಮತ್ತೊಂದು ಕಟ್ಟು ತಗೊಳ್ಳುತ್ತೇವೆ. ಹಾಗಾಗಿ ಆ ವಸ್ತುವಿನ ಬೆಲೆ 800 ಜೆಮ್ಸ್ ಅಂತ ಅಂದುಕೊಳ್ಳಲೇಬೇಡಿ. ಒಂದು ಕಾಗದದ ಮೇಲೆ ನಿಮ್ಮ ಜೇಬಿನಿಂದ ಹೋಗುವ ಪೂರ್ತಿ ಹಣವನ್ನು ಬರೆಯಿರಿ. ಬರೆದು ನೋಡಿದ ಮೇಲೆ ಎಷ್ಟೋ ಸಲ ನಾನು ಕೈಬಿಟ್ಟಿದ್ದೇನೆ.

'ಆಡಿ ಗಳಿಸಬಹುದು' ಎಂದು ಬರೆದಿದ್ದರೆ ಗಂಟೆಯ ಲೆಕ್ಕವನ್ನೂ ಹಾಕಿ. ಮೊದಲ ದಿನ ಆಟ ಕೈತುಂಬ ಕೊಡುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರನೇ ದಿನ ಒಂದು ಗಂಟೆ ಆಡಿ, ಎಷ್ಟು ಸಿಕ್ಕಿತು ನೋಡಿ, ವಸ್ತುವಿನ ಬೆಲೆಯನ್ನು ಅದರಿಂದ ಭಾಗಿಸಿ. 2017ರಲ್ಲಿ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಬರುವ ಹೊತ್ತಿಗೆ ಆಟಗಾರರು ಮಾಡಿದ್ದು ಇದನ್ನೇ. ಡಾರ್ತ್ ವೇಡರ್ ಪಾತ್ರಕ್ಕೆ 60,000 ಕ್ರೆಡಿಟ್ (ಆಡಿ ಗಳಿಸುವ ಆಟದ ದುಡ್ಡು) ಇಟ್ಟಿದ್ದರು. ಅಷ್ಟು ಗಳಿಸಲು ಸುಮಾರು 40 ಗಂಟೆ ಬೇಕು ಎಂಬ ಲೆಕ್ಕ ಹೊರಬಿತ್ತು. ಗಲಾಟೆ ಜೋರಾದ ಮೇಲೆ ಅದನ್ನು 15,000ಕ್ಕೆ ಇಳಿಸಿದರು, ಆಟದೊಳಗೆ ನಿಜವಾದ ಹಣಕ್ಕೆ ಮಾರುವುದನ್ನೂ ಆಗ ನಿಲ್ಲಿಸಿದರು. ಕೂತು ಲೆಕ್ಕ ಹಾಕಿದ್ದಕ್ಕೇ ಅದು ಆಗಿದ್ದು, ಅಲ್ವಾ?

ಮನೆಯಲ್ಲಿ ಮಕ್ಕಳಿದ್ದರೆ ಇವತ್ತೇ ಬೀಗ ಹಾಕಿ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಬಹುದು. ಐಫೋನ್‌ನಲ್ಲಿ 'ಸ್ಕ್ರೀನ್ ಟೈಮ್' ಒಳಗೆ ಹೋಗಿ ಇನ್-ಆ್ಯಪ್ ಪರ್ಚೇಸ್ ಪೂರ್ತಿ ನಿಲ್ಲಿಸಬಹುದು. ಉಳಿಸಿಟ್ಟ ಕಾರ್ಡ್ ಇದ್ದರೆ ತೆಗೆದುಬಿಡಿ. 'ಫೋರ್ಟ್‌ನೈಟ್' ಮಾಡುವ ಎಪಿಕ್ ಗೇಮ್ಸ್, ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಹೂಡಿದ ಪ್ರಕರಣದಲ್ಲಿ ಆಟಗಾರರಿಗೆ ಹಿಂತಿರುಗಿಸಲು 24.5 ಕೋಟಿ ಡಾಲರ್ ಕೊಡಲು 2022ರಲ್ಲಿ ಒಪ್ಪಿತು. ಲೋಡಿಂಗ್ ಪರದೆಯಲ್ಲಿದ್ದಾಗಲೂ ಒಂದು ಬಟನ್ ಒತ್ತಿದರೆ ಹಣ ಹೋಗುತ್ತಿತ್ತು ಎಂಬುದು ಆರೋಪಗಳಲ್ಲಿ ಒಂದು. ದೊಡ್ಡವರ ಬೆರಳೂ ಹಾಗೆ ಜಾರುತ್ತದೆ, ಮಕ್ಕಳನ್ನು ಬೈಯಬೇಡಿ.

ಇಷ್ಟಾದರೂ ತಪ್ಪಿ ಕೊಂಡರೆ ತಡ ಮಾಡಬೇಡಿ. ಗೂಗಲ್ ಪ್ಲೇನಲ್ಲಾದರೆ 48 ಗಂಟೆಯೊಳಗೆ ಹಣ ವಾಪಸ್ ಕೇಳಿ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಆಟವನ್ನೇ ಹಿಂತಿರುಗಿಸಬಹುದು. ಆ 2 ಗಂಟೆಯನ್ನು ಕಥೆ ನೋಡುತ್ತಾ ಕಳೆಯಬೇಡಿ. ಮೆನು ಎಲ್ಲ ತೆರೆಯಿರಿ, ಅಂಗಡಿಯೊಳಗೆ ಹೋಗಿ ಬನ್ನಿ, ಚೀಲ ತುಂಬಿಸಿ ನೋಡಿ. 'ಹೊಸ ಆಟ'ವನ್ನು ಎರಡು ಸಲ ಶುರು ಮಾಡಿ. ನಮ್ಮ ಮನೆಯಲ್ಲಿ ಆ ಎರಡನೇ ಸಲದ್ದು ತಮ್ಮನ ಪಾಲು.