ಮಲೇರಿಯಾ ಲಸಿಕೆ ಎಷ್ಟು ಪರಿಣಾಮಕಾರಿ: ಅಂಕಿಗಳನ್ನು ಓದುವ ಬಗೆ

ಮಲೇರಿಯಾ ಲಸಿಕೆ ಶೇ 75ರಷ್ಟು ಪರಿಣಾಮಕಾರಿ ಎಂದು ಒಂದು ಕಡೆ, ಶೇ 36ರಷ್ಟು ಮಾತ್ರ ಎಂದು ಇನ್ನೊಂದು ಕಡೆ ಓದಿದವರು ಗೊಂದಲಕ್ಕೆ ಬೀಳುವುದು ಸಹಜ. ಎರಡೂ ಅಂಕಿಗಳು ಸರಿಯೇ. ಆದರೆ ಅವು ಬೇರೆ ಬೇರೆ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳು.

ಮೊದಲು, ಯಾವ ಲಸಿಕೆ, ಯಾವ ರೋಗಾಣು ಎಂಬುದನ್ನು ಗಮನಿಸಿ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಆರ್‌ಟಿಎಸ್,ಎಸ್ ಲಸಿಕೆಯನ್ನೂ 2023ರಲ್ಲಿ ಆರ್21 ಲಸಿಕೆಯನ್ನೂ ಮಕ್ಕಳಿಗೆ ಶಿಫಾರಸು ಮಾಡಿತು. ಎರಡೂ ಫಾಲ್ಸಿಪಾರಂ ಎಂಬ ರೋಗಾಣುವಿನಿಂದ ಬರುವ ಮಲೇರಿಯಾಕ್ಕೆ ರೂಪಿಸಿದವು. ವೈವ್ಯಾಕ್ಸ್ ಎಂಬ ಇನ್ನೊಂದು ರೋಗಾಣುವಿನ ಮಲೇರಿಯಾವನ್ನು ಇವು ತಡೆಯುವುದಿಲ್ಲ.

ಎರಡನೆಯದಾಗಿ, ಎಷ್ಟು ಕಾಲದ ಲೆಕ್ಕ ಎಂದು ಕೇಳಿ. ಇದೇ ಮುಖ್ಯವಾದ ಪ್ರಶ್ನೆ. ಸೊಳ್ಳೆ ಕಚ್ಚಿದಾಗ ಚರ್ಮದೊಳಗೆ ಸೇರುವ ರೋಗಾಣುಗಳು ರಕ್ತದ ಮೂಲಕ ಬೇಗನೆ ಯಕೃತ್ತನ್ನು ಹೊಕ್ಕುಬಿಡುತ್ತವೆ, ಮತ್ತು ಲಸಿಕೆಯಿಂದ ಮೂಡಿದ ಪ್ರತಿಕಾಯಗಳು (ರೋಗಾಣುವನ್ನು ಎದುರಿಸಲು ದೇಹ ತಯಾರಿಸುವ ಪ್ರೋಟೀನ್‌ಗಳು) ಅವನ್ನು ಅಷ್ಟರೊಳಗೇ ತಡೆಯಬೇಕು. ತಪ್ಪಿಸಿಕೊಂಡ ಒಂದೇ ಒಂದು ರೋಗಾಣು ಯಕೃತ್ತಿನಲ್ಲಿ ಸಾವಿರಾರು ಆಗಿ ಹೊರಬರಬಲ್ಲದು. ಆದ್ದರಿಂದ ಪ್ರತಿಕಾಯಗಳು ಇಳಿದಂತೆ ರಕ್ಷಣೆಯೂ ಇಳಿಯುತ್ತದೆ. ಐದರಿಂದ ಹದಿನೇಳು ತಿಂಗಳ ಮಕ್ಕಳಲ್ಲಿ ಆರ್‌ಟಿಎಸ್,ಎಸ್ ಮೊದಲ ವರ್ಷ ಸುಮಾರು ಅರ್ಧದಷ್ಟು ಪ್ರಕರಣಗಳನ್ನು ತಡೆಯಿತು. ಸುಮಾರು ನಾಲ್ಕು ವರ್ಷಗಳ ಒಟ್ಟು ಲೆಕ್ಕದಲ್ಲಿ ಈ ರಕ್ಷಣೆ ನಾಲ್ಕನೆಯ ಡೋಸ್ ಪಡೆದವರಲ್ಲಿ ಶೇ 36ಕ್ಕೂ ಪಡೆಯದವರಲ್ಲಿ ಶೇ 28ಕ್ಕೂ ಇಳಿಯಿತು. ಕೊನೆಯ ಡೋಸ್ ಬಿಡಬಾರದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಕಾರಣ ಬೇಕಿಲ್ಲ. ಆರ್21ರ ಶೇ 75 ಎಂಬುದು ಮಲೇರಿಯಾ ಹೆಚ್ಚುವ ಋತುವಿಗೆ ಮೊದಲೇ ಲಸಿಕೆ ಹಾಕಿದ ಕಡೆಗಳಲ್ಲಿ ಮೊದಲ ಹನ್ನೆರಡು ತಿಂಗಳ ಅಂಕಿ.

ಶೇ 75 ಎಂದರೆ ನೂರರಲ್ಲಿ ಎಪ್ಪತ್ತೈದು ಮಕ್ಕಳಿಗೆ ಜ್ವರವೇ ಬರುವುದಿಲ್ಲ ಎಂದಲ್ಲ. ಒಂದೇ ಮಗುವಿಗೆ ವರ್ಷದಲ್ಲಿ ಹಲವು ಸಲ ಮಲೇರಿಯಾ ಬರಬಹುದು. ಲಸಿಕೆ ಪಡೆಯದ ಗುಂಪಿನಲ್ಲಿ 200 ಸಲ ಬಂದರೆ, ಅಷ್ಟೇ ಮಕ್ಕಳಿರುವ ಲಸಿಕೆ ಪಡೆದ ಗುಂಪಿನಲ್ಲಿ 50 ಸಲ ಬರುತ್ತದೆ ಎಂಬುದು ಅದರ ಅರ್ಥ.

ಬಳಿಕ, ಅಂಕಿ ಅಳೆದದ್ದು ಜ್ವರವನ್ನೋ ಸಾವನ್ನೋ ನೋಡಿ. 2019ರಿಂದ ಘಾನಾ, ಕೆನ್ಯಾ ಮತ್ತು ಮಲಾವಿಗಳಲ್ಲಿ ಆರ್‌ಟಿಎಸ್,ಎಸ್ ಲಸಿಕೆ ಹಾಕಿದ ಪ್ರದೇಶಗಳಲ್ಲಿ, ಅರ್ಹ ವಯಸ್ಸಿನ ಮಕ್ಕಳ ಸಾವುಗಳು ಶೇ 13ರಷ್ಟು ಕಡಿಮೆಯಾದವು. ಕೇಳಲು ಚಿಕ್ಕ ಅಂಕಿ, ನಿಜ. ಆದರೆ ಇದು ಮಲೇರಿಯಾದ ಸಾವುಗಳನ್ನಷ್ಟೇ ಅಲ್ಲ, ಅಪಘಾತ ಮತ್ತು ಗಾಯಗಳನ್ನು ಬಿಟ್ಟು ಎಲ್ಲ ಕಾರಣಗಳ ಸಾವುಗಳನ್ನೂ ಸೇರಿಸಿದ ಲೆಕ್ಕ. ಅದೂ ಎಲ್ಲ ಮಕ್ಕಳಿಗೂ ಲಸಿಕೆ ತಲುಪದಿದ್ದಾಗ ಸಿಕ್ಕ ಫಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕವಾದ ಅಂಕಿ ಇದೇ.

ಜೊತೆಗೆ ಬೇರೆ ಯಾವ ರಕ್ಷಣೆ ಇತ್ತು ಎಂಬುದನ್ನೂ ಪರಿಶೀಲಿಸಿ. ಬುರ್ಕಿನಾ ಫಾಸೊ ಮತ್ತು ಮಾಲಿಯಲ್ಲಿ ಋತುವಿಗೆ ಮುನ್ನ ಲಸಿಕೆಯನ್ನೂ ಋತುವಿನುದ್ದಕ್ಕೂ ತಡೆಗಟ್ಟುವ ಮಾತ್ರೆಗಳನ್ನೂ ಕೊಟ್ಟಾಗ, ಯಾವುದಾದರೂ ಒಂದನ್ನು ಮಾತ್ರ ಕೊಟ್ಟದ್ದಕ್ಕಿಂತ ಪ್ರಕರಣಗಳು ಸುಮಾರು ಶೇ 60ರಷ್ಟು ಕಡಿಮೆಯಾದವು. ಆದ್ದರಿಂದ ಲಸಿಕೆ ಹಾಕಿಸಿದ ಮೇಲೂ ಮಗುವನ್ನು ಸೊಳ್ಳೆ ಪರದೆಯೊಳಗೇ ಮಲಗಿಸಿ, ಜ್ವರ ಬಂದರೆ 24 ಗಂಟೆಯೊಳಗೆ ರಕ್ತ ಪರೀಕ್ಷೆ ಮಾಡಿಸಿ.