ಮುತ್ಯಾನ ಕಸುವು, ನನ್ನ ರೀಲ್ಸು

ನಾನು ಕಲಬುರಗಿಯೊಳಗ ಫಿಜಿಯೋಥೆರಪಿ ಮಾಡ್ತೀನ್ರಿ. ಲಕ್ವಾ ಹೊಡದವ್ರು, ಮೊಣಕಾಲು ನೋವಿನವ್ರು, ಬಿದ್ದು ತೊಡಿ ಎಲುಬು ಮುರಕೊಂಡವ್ರು ಬರ್ತಾರ. ಬಿದ್ದವ್ರ ಮನ್ಯಾಗ ಕೇಳಿದ್ರ ಒಂದೇ ಮಾತು, "ವಯಸ್ಸಾತಲ್ರಿ ಸರ್". ಆದ್ರ ಸ್ವಲ್ಪ ಕೆದಕಿದ್ರ ಗೊತ್ತಾಗ್ತದ, ಮುತ್ಯಾ ವರ್ಷದ ಹಿಂದೇ ಹೊಲಕ್ಕ ಹೋಗೋದು ಬಿಟ್ಟಾನ, ಅಂಗಿ ಜೋತಾಡಲಕತ್ತದ, ಗುಡಿ ತನಕ ಹೋಗಿ ಬರಲಕ ನಡುವ ಎರಡು ಕಟ್ಟಿ ಮ್ಯಾಲ ಕೂಡ್ತಾನ. ನಮ್ ಪುಸ್ತಕದಾಗ ಇದಕ್ಕ ಫ್ರೇಲ್ಟಿ ಅಂತಾರ.

2001ರಾಗ ಲಿಂಡಾ ಫ್ರೀಡ್ ಅನ್ನೋ ಅಮೆರಿಕದ ಡಾಕ್ಟರ್ ಮತ್ತ ಅವರ ಟೀಮು ಇದಕ್ಕ ಐದು ಗುರುತು ಹೇಳಿದ್ರು. ಕಾರಣಿಲ್ದೆ ವರ್ಷದಾಗ ನಾಲ್ಕೂವರೆ ಕಿಲೋ ಇಳಿಯೋದು, ಸುಸ್ತು, ಮುಷ್ಟಿ ಹಿಡಿತ ಸಡಿಲಾಗೋದು, ನಡಿಗಿ ನಿಧಾನ, ಓಡಾಟ ಕಮ್ಮಿ. ಮೂರು ಇದ್ರ ಫ್ರೇಲ್, ಒಂದೆರಡಿದ್ರ ಅದರ ಹಿಂದಿನ ಹಂತ, ಆ ಹಂತದಾಗ ಹಿಡದ್ರ ಊಟ ವ್ಯಾಯಾಮದಿಂದ ಎಷ್ಟೋ ಮಂದಿ ಸುಧಾರಿಸ್ತಾರ. ಇದನ್ನ ಎಲ್ಲರಿಗೂ ಹೇಳ್ಬೇಕಂತ ಬಿಳಿ ಕೋಟು ಹಾಕೊಂಡು "ಫ್ರೇಲ್ಟಿ ಎಂದರೇನು" ಅಂತ ನಾಲ್ಕು ನಿಮಿಷದ ವಿಡಿಯೋ ಬಿಟ್ಟೆ. ನೋಡಿದವ್ರು ನನ್ನ ಬ್ಯಾಚ್‌ಮೇಟ್‌ಗಳು, ಒಬ್ಬ ಭಾವಮೈದ. ನಮ್ಮವ್ವ ಪೂರ್ತಿ ನೋಡಿ, "ಏನ್ ಹೇಳ್ದಿ ತಿಳೀಲಿಲ್ಲಪ್ಪ, ಕೋಟು ಛಲೋ ಅದ" ಅಂದ್ಳು.

ಆಮ್ಯಾಲ ಆಳಂದ ಕಡಿಂದ ಬಂದ ಒಬ್ಬ ಆಯಿ ಟೇಬಲ್ ಮ್ಯಾಲ ಕೂತು "ಕೈಕಾಲಾಗ ಕಸುವೇ ಇಲ್ಲ ತಮ್ಮಾ" ಅಂದ್ಳು ನೋಡ್ರಿ, ಅವತ್ತೇ ಫ್ರೇಲ್ಟಿ ಅನ್ನೋ ಮಾತು ಕೈಬಿಟ್ಟೆ. ಮುಂದಿನ ವಿಡಿಯೋ ನಲವತ್ತು ಸೆಕೆಂಡು, "ನಿಮ್ಮವ್ವನ ಕಾಲಾಗ ಕಸುವು ಎಷ್ಟದ?" ಅಂತ. ಅವ್ವನ್ನೇ ಖುರ್ಚಿ ಮ್ಯಾಲ ಕೂಡಿಸಿ, ಕೈ ಎದಿ ಮ್ಯಾಲ ಕಟ್ಟಿಸಿ, ಐದು ಸಲ ಎದ್ದು ಕೂಡು ಅಂದೆ. 15 ಸೆಕೆಂಡಿಗಿಂತ ಜಾಸ್ತಿ ಹಿಡೀತಂದ್ರ ಕಾಲಿನ ಶಕ್ತಿ ಕಮ್ಮಿ ಆಗ್ಯಾದಂತ ಲೆಕ್ಕ. ಅವ್ವಗ 19 ಹಿಡೀತು, ಕಡೀಗೆ ಬೈದಿದ್ದೂ ರೆಕಾರ್ಡ್ ಆತು, ಅದನ್ನ ಕಟ್ ಮಾಡ್ಲಿಲ್ಲ. ಅದೇ ಓಡಿತು.

ಓಡಿದ್ದಕ್ಕೇ ತ್ರಾಸಾತು. ಯಾರೋ ಟೈಲ್ಸ್ ಮ್ಯಾಲ ಪ್ಲಾಸ್ಟಿಕ್ ಖುರ್ಚಿ ಇಟ್ಟು ತಮ್ಮ ಅವ್ವಗ ಮಾಡ್ಸ್ಯಾರ, ಖುರ್ಚಿ ಹಿಂದ ಜಾರೇದ, ಆಕಿ ಕೆಳಗ ಕುಂಡಿ ಮ್ಯಾಲ ಬಿದ್ದಾಳ. ಎಲುಬು ಮುರೀಲಿಲ್ಲ, ನನ್ನ ನಸೀಬು. ಮಗ ಫೋನ್ ಮಾಡಿ ಬೈದ, ಬೈಸ್ಕೊಂಡೆ, ತಪ್ಪು ನಂದೇ ಇತ್ತು, ಖುರ್ಚಿ ಗ್ವಾಡಿಗೆ ಹಚ್ಚಿ ಇಡ್ರಿ, ಬಾಜೂಕ ಒಬ್ರು ನಿಲ್ರಿ ಅಂತ ನಾ ಹೇಳೇ ಇರ್ಲಿಲ್ಲ. ಡಿಲೀಟ್ ಮಾಡಿ ಹೊಸಾದು ಹಾಕಿದೆ, ಆದ್ರ ವಾಟ್ಸಾಪಿನಾಗ ಹೋಗಿದ್ದು ಎಲ್ಲಿ ಬರ್ತದ್ರಿ, ತಿಂಗಳಾದ ಮ್ಯಾಲ ಹಳೇದೇ ನಮ್ಮ ಬೀಗರ ಗ್ರೂಪಿನಾಗ ನನಗೇ ಬಂತು. ಅವತ್ತಿಂದ ಮೊದಲ ಮೂರು ಸೆಕೆಂಡಿನಾಗ ಖುರ್ಚಿ ಗ್ವಾಡಿಗೆ ದೂಡೋದೇ ತೋರಿಸ್ತೀನಿ, ಮೂಲ್ಯಾಗ ತಾರೀಖು ಹಾಕ್ತೀನಿ. ಹಿಂದ ಮ್ಯೂಸಿಕ್ ಹಾಕೋದೂ ಬಿಟ್ಟೀನಿ, ಸಣ್ಣ ಸ್ಪೀಕರಿನಾಗ ವಯಸ್ಸಾದವ್ರಿಗೆ ಮಾತು ಕೇಳಂಗಿಲ್ಲ.

ಊಟದ ವಿಡಿಯೋದಾಗ ಮೊಟ್ಟಿ ಅಂದೆ, ಕಮೆಂಟ್ ತುಂಬ "ನಾವು ಮುಟ್ಟಂಗಿಲ್ರಿ". ಸರಿ, ತೊಗರಿಬ್ಯಾಳಿ ಹಿಡದೆ. ಜಿಐ ಟ್ಯಾಗ್, ಅಂದ್ರ ಇದು ಇದೇ ಸೀಮಿ ಬೆಳಿ ಅನ್ನೋ ಸರ್ಕಾರಿ ಗುರುತು ಸಿಕ್ಕ ತೊಗರಿ ನಮ್ದು, ಎಲ್ಲಾರ ಮನ್ಯಾಗೂ ಅದ, ಆದ್ರ ಮುತ್ಯಾನ ತಾಟಿಗೆ ಬರೋದು ಮ್ಯಾಲಿನ ತಿಳಿ ಸಾರು, ಬ್ಯಾಳಿ ಹುಡುಗರಿಗೆ. ಹಲ್ಲಿಲ್ಲ ಅಂತ ರೊಟ್ಟಿನೂ ತಿನ್ನಂಗಿಲ್ಲ. ವಯಸ್ಸಾದವ್ರಿಗೆ ಕಿಲೋ ತೂಕಕ್ಕ ದಿನಾ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕಂತಾರ, 50 ಕಿಲೋ ಇದ್ರ 50-60 ಗ್ರಾಂ, ತಿಳಿ ಸಾರಿನಾಗ ಅದೆಲ್ಲಿ ಸಿಗಬೇಕು. ಗಟ್ಟಿ ಬ್ಯಾಳಿಯೊಳಗ ರೊಟ್ಟಿ ಮುರದು ನೆನೆಸಿ ಕೊಡ್ರಿ, ಮೊಸರಿನಾಗ ಶೇಂಗಾ ಹಿಂಡಿ (ಚಟ್ನಿಪುಡಿ) ಕಲಸಿ ಕೊಡ್ರಿ ಅಂದೆ. ಕಿಡ್ನಿ ತೊಂದ್ರಿ ಇದ್ದವ್ರು ಮೊದಲ ಡಾಕ್ಟರಿಗೆ ಕೇಳ್ರಿ ಅಂತನೂ ಹೇಳಿದೆ, ಖುರ್ಚಿ ಪಾಠ ಮರ್ತಿಲ್ಲ. ಪೌಡರ್ ಡಬ್ಬಿ ಮಾರ್ರಿ, ಕಮಿಷನ್ ಕೊಡ್ತೀವಿ ಅಂದವ್ರೂ ಬಂದ್ರು, ಅವ್ರಿಗೆ ಉತ್ತರಾನೇ ಕೊಟ್ಟಿಲ್ಲ.

ಈಗ ದಖ್ಖನಿಯೊಳಗ, ಅಂದ್ರ ನಮ್ ಕಡಿ ಉರ್ದುದಾಗ, ಒಂದು ವಿಡಿಯೋ ಮಾಡ್ಬೇಕಂತದ, ದರ್ಗಾ ಕಡಿಂದ ಬರೋ ಪೇಷಂಟ್ ಭಾಳ ಮಂದಿ ಅದಾರ. ಜೋಡಿ ಕೆಲಸ ಮಾಡೋ ಹುಡುಗಿಗೆ ಕಸುವಿಗೆ ತಾಕತ್ ಅಂದ್ರ ನಡೀತದೇನು ಅಂತ ಕೇಳಿದೆ. ತಡೀರಿ ಸರ್, ನಮ್ಮ ದಾದಿಗೆ ಕೇಳಿ ಬರ್ತೀನಿ ಅಂದಾಳ.