ರೀವ ಹಕ್ಕಿಯ ಮೊಟ್ಟೆಯಲ್ಲಿ ವಿಷ ಎಷ್ಟಿದೆ? ಮಾದರಿ ತೆಗೆಯುವ ಕ್ರಮ

ಹಾರ್ಮೋನು ಕೆಡಿಸುವ ರಾಸಾಯನಿಕ ಹಕ್ಕಿಯ ಮೈಯಲ್ಲಿ ಎಷ್ಟು ಸೇರಿದೆ ಎಂದು ತಿಳಿಯಲು ಹಕ್ಕಿಯನ್ನು ಹಿಡಿಯಬೇಕಿಲ್ಲ. ಮರಿಯಾಗದೆ ಉಳಿದ ಮೊಟ್ಟೆ ಸಾಕು. ಕೀಟನಾಶಕ ಡಿಡಿಟಿಯಿಂದ ಹುಟ್ಟುವ ಡಿಡಿಇ, ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪಿಸಿಬಿ, ಪ್ಲಾಸ್ಟಿಕ್ಕು ಬೇಗ ಹೊತ್ತಿಕೊಳ್ಳದಿರಲೆಂದು ಬೆರೆಸುವ ಪಿಬಿಡಿಇ, ಮೂರೂ ಕೊಬ್ಬಿನಲ್ಲಿ ಕೂರುತ್ತವೆ. ತಾಯಿಯ ಕೊಬ್ಬಿನಿಂದ ಮೊಟ್ಟೆಯ ಹಳದಿಗೆ ಇಳಿಯುತ್ತವೆ. ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ಗಲ್ ಹಕ್ಕಿಯ ಮೊಟ್ಟೆಗಳನ್ನು ಕೆನಡಾದವರು 1974ರಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಆ ಗಲ್‌ಗಳ ಹತ್ತಿರದ ಬಳಗವೇ ನಮ್ಮ ರಿವರ್ ಟರ್ನ್, ಅಂದರೆ ರೀವ. ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದಾಗ ಲಕ್ಕವಳ್ಳಿ ಕಡೆಯ ನಡುಗಡ್ಡೆಗಳಲ್ಲಿ ಸಾವಿರಗಟ್ಟಲೆ ಸೇರಿ ಬರಿ ನೆಲದ ಮೇಲೇ ಮೊಟ್ಟೆ ಇಡುತ್ತದೆ. ಮರಿ ಮಾಡುವ ಕಾಲದಲ್ಲಿ ಅದು ತಿನ್ನುವುದು ಅದೇ ನೀರಿನ ಮೀನನ್ನು.

ಮೊದಲು ಅನುಮತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಳೆತ ಮೊಟ್ಟೆಯನ್ನೂ ಹಾಗೇ ಎತ್ತಿ ತರುವಂತಿಲ್ಲ. ಸಂಶೋಧನೆಗಾಗಿ 12ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು. ಪರೀಕ್ಷಿಸುವ ಪ್ರಯೋಗಾಲಯ ಯಾವುದೆಂದು ಗೊತ್ತುಮಾಡಿಕೊಂಡೇ ಅರ್ಜಿ ಹಾಕಿ.

ಹಕ್ಕಿ ಕಾವು ಕೂತಿರುವಾಗ ನಡುಗಡ್ಡೆಗೆ ಕಾಲಿಡಬೇಡಿ. ತಾಯಿ ಎದ್ದುಹೋದರೆ ಏಪ್ರಿಲ್ ಬಿಸಿಲಿಗೆ ಮೊಟ್ಟೆಯೊಳಗಿನ ಭ್ರೂಣ ಬೇಗ ಸಾಯುತ್ತದೆ, ಕಾಗೆಗಳಿಗೂ ದಾರಿ ಬಿಟ್ಟಂತಾಗುತ್ತದೆ. ಮರಿಗಳು ಹಾರಿದ ಮೇಲೆ, ಮುಂಗಾರಿಗೆ ನೀರು ಏರುವ ಮುಂಚೆ ಸಿಗುವ ಕೆಲವೇ ದಿನಗಳಲ್ಲಿ ಹೋಗಿ. ಆಗ ಗೂಡಿನಲ್ಲಿ ಉಳಿದಿರುವುದು ಸತ್ತ ಮೊಟ್ಟೆ.

ಈ ಕೆಲಸ ಹೆಚ್ಚಾಗಿ ಕೆಡುವುದು ತೆಗೆಯುವವರ ಕೈಯಿಂದಲೇ. ನಾವು ಹುಡುಕುವುದು ಒಂದು ಗ್ರಾಮಿನಲ್ಲಿ ನೂರು ಕೋಟಿಯ ಒಂದು ಪಾಲಿನ ಲೆಕ್ಕದಲ್ಲಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಭಯಕ್ಕೆ ಮಲೆನಾಡಿನಲ್ಲಿ ಕಾಡಿಗೆ ಹೋಗುವ ಮುಂಚೆ ಹಚ್ಚಿಕೊಳ್ಳುತ್ತ ಬಂದಿರುವ ಡಿಎಂಪಿ ಎಣ್ಣೆ ಡೈಮೀಥೈಲ್ ಥ್ಯಾಲೇಟ್. ಪ್ಲಾಸ್ಟಿಕ್ಕು ಮೆದುವಾಗಲೆಂದು ಬೆರೆಸುವ ಥ್ಯಾಲೇಟ್‌ಗಳನ್ನು ಹುಡುಕುವ ಪರೀಕ್ಷೆಗೆ ಅದರ ಒಂದು ಬೆರಳಚ್ಚು ಸಾಕು, ಫಲಿತಾಂಶ ಹಾಳು. ಹಾಗೆಂದು ಉಣುಗಿನಿಂದ ರಕ್ಷಣೆಯನ್ನು ಬಿಡಬೇಡಿ, ಜೀವ ಮುಖ್ಯ. ಎಣ್ಣೆ ಹಚ್ಚಿಕೊಂಡವರು ದೋಣಿಯಲ್ಲಿ ಉಳಿಯಲಿ. ಮೊಟ್ಟೆ ಮುಟ್ಟುವವರು ಮೊಣಕೈವರೆಗೆ ಸೋಪು ಹಾಕಿ ತೊಳೆದು ನೈಟ್ರೈಲ್ ಗ್ಲೌಸ್ ತೊಡಲಿ. ವಿನೈಲ್ ಗ್ಲೌಸ್ ಬೇಡ, ಅದರಲ್ಲೇ ಥ್ಯಾಲೇಟ್ ಇರುತ್ತದೆ. ಸನ್‌ಸ್ಕ್ರೀನ್, ಉಗುರುಬಣ್ಣ, ನೀರು ಜಾರುವಂತೆ ಲೇಪಿಸಿದ ಜಾಕೆಟ್ ಕೂಡ ಬೇಡ.

ಪ್ರಯೋಗಾಲಯದಿಂದ 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದ ಗಾಜಿನ ಬಾಟಲಿ ಮತ್ತು ಅಲ್ಯೂಮಿನಿಯಂ ಫಾಯಿಲ್ ತರಿಸಿಕೊಳ್ಳಿ. ಪ್ಲಾಸ್ಟಿಕ್ ಡಬ್ಬಿ, ಥರ್ಮಾಕೋಲ್ ಯಾವುದೂ ಮೊಟ್ಟೆಗೆ ತಾಗಬಾರದು. ಒಂದೊಂದು ಮೊಟ್ಟೆಯನ್ನೂ ಬೇರೆಬೇರೆ ಫಾಯಿಲಿನಲ್ಲಿ ಸುತ್ತಿ, ಮೊಟ್ಟೆ ಇಡುವ ಕಾಗದದ ಟ್ರೇಯಲ್ಲಿ ನಿಲ್ಲಿಸಿ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ. ಮಾರ್ಕರ್ ಶಾಯಿಯ ದ್ರಾವಕವೂ ಮಾದರಿಗೆ ಸೇರಬಹುದು. ಕೊಳೆತ ಮೊಟ್ಟೆ ಒಳಗಿನ ಗಾಳಿಗೆ ಸಿಡಿಯುತ್ತದೆ, ಅಲುಗಾಡಿಸಬೇಡಿ. ಮೊಟ್ಟೆ ಮುಟ್ಟುವಷ್ಟು ಹೊತ್ತೂ ಪಕ್ಕದಲ್ಲಿ ಒಂದು ಖಾಲಿ ಬಾಟಲಿಯ ಮುಚ್ಚಳ ತೆರೆದಿಟ್ಟು, ಆಮೇಲೆ ಮುಚ್ಚಿ ಅದನ್ನೂ ಪರೀಕ್ಷೆಗೆ ಕಳಿಸಿ. ಅದರಲ್ಲಿ ಏನಾದರೂ ಸಿಕ್ಕರೆ ಅದು ಹಕ್ಕಿಯದಲ್ಲ, ನಮ್ಮದು. ಈ ಬಾಟಲಿ ಇಲ್ಲದ ವರದಿಯನ್ನು ನಂಬಬಾರದು.

ಫ್ರೀಜರಿಗೆ ಹಾಕುವ ಮುಂಚೆ ಅಳತೆ ಮುಗಿಸಿ, ಹೆಪ್ಪುಗಟ್ಟಿದರೆ ಚಿಪ್ಪು ಬಿರಿಯುತ್ತದೆ. ವರ್ನಿಯರಿನಲ್ಲಿ ಉದ್ದ, ಅಗಲ ನೋಡಿ, ತಕ್ಕಡಿಯಲ್ಲಿ 0.1 ಗ್ರಾಂವರೆಗೆ ತೂಕ ಹಿಡಿಯಿರಿ. ಬಿಸಿಲಿನಲ್ಲಿ ಬಿದ್ದ ಮೊಟ್ಟೆಯ ನೀರು ಆರಿ, ವಿಷ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಅದನ್ನು ತಿದ್ದಲು ಮೊದಲು ಮೊಟ್ಟೆಯ ಗಾತ್ರ ಲೆಕ್ಕಹಾಕಿ: 0.51 × ಉದ್ದ × ಅಗಲದ ವರ್ಗ, ಸೆಂಟಿಮೀಟರಿನಲ್ಲಿ. ಉದ್ದ 4.2, ಅಗಲ 3.1 ಇದ್ದರೆ ಗಾತ್ರ 20.6 ಘನ ಸೆಂ.ಮೀ., ಅಂದರೆ ಹೊಸದರಲ್ಲಿ ಸುಮಾರು 20.6 ಗ್ರಾಂ ಇದ್ದಿರಬೇಕು. ಈಗ 15 ಗ್ರಾಂ ತೂಗಿದರೆ ಪರೀಕ್ಷೆಯಲ್ಲಿ ಬಂದ ವಿಷದ ಅಂಕಿಯನ್ನು 15/20.6ರಿಂದ, ಅಂದರೆ 0.73ರಿಂದ ಗುಣಿಸಿ.

ಪ್ರಯೋಗಾಲಯದಲ್ಲಿ ಮೊಟ್ಟೆಯನ್ನು ನಡುವಿಗೆ ಸುತ್ತ ಕೊಯ್ದು ಒಳಗಿನದನ್ನು ಗಾಜಿನ ಬಾಟಲಿಗೆ ಸುರಿದ ಮೇಲೆ ಚಿಪ್ಪನ್ನು ನೀರಿನಲ್ಲಿ ತೊಳೆದು ಒಣಗಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಅದು ಹಾಗೇ ಒಣಗದು. ಸಿಲಿಕಾ ಜೆಲ್ ಹಾಕಿದ ಬಿಗಿ ಪಾತ್ರೆಯಲ್ಲಿಟ್ಟು ತೂಕ ಇಳಿಯುವುದು ನಿಂತ ಮೇಲೆ ಸ್ಕ್ರೂಗೇಜಿನಲ್ಲಿ ನಡುಭಾಗದ ಮೂರು ನಾಲ್ಕು ಕಡೆ ದಪ್ಪ ನೋಡಿ. ಒಳಪೊರೆ ಸೇರಿಸಿ ಅಳೆದಿರೋ ಬಿಟ್ಟೋ ಬರೆಯಿರಿ. ಚಿಪ್ಪು ಕಟ್ಟುವ ಗ್ರಂಥಿಗೆ ಸುಣ್ಣ ಸರಿಯಾಗಿ ಬರದಂತೆ ಡಿಡಿಇ ತಡೆಯುತ್ತದೆ. 1970ರಲ್ಲಿ ಕ್ಯಾಲಿಫೋರ್ನಿಯಾದ ಅನಕಾಪಾ ದ್ವೀಪದಲ್ಲಿ ಕಂದು ಪೆಲಿಕನ್‌ಗಳ ಮೊಟ್ಟೆಗಳು ಕಾವು ಕೂತ ಭಾರಕ್ಕೇ ಒಡೆದು, ಇಡೀ ನೆಲೆಯಲ್ಲಿ ಒಂದೇ ಮರಿ ಉಳಿಯಿತು. ಆದರೆ ಚಿಪ್ಪು ತೆಳುವಾಯಿತೆಂದು ಆತುರಪಡಬೇಡಿ. ಬೆಳೆಯುವ ಭ್ರೂಣವೂ ಚಿಪ್ಪಿನ ಸುಣ್ಣವನ್ನು ಹೀರುತ್ತದೆ. ಬಲಿತ ಭ್ರೂಣವಿದ್ದ ಮೊಟ್ಟೆಯನ್ನು ಬಲಿಯದ್ದರ ಜೊತೆ ಹೋಲಿಸಬಾರದು.

ಮಾದರಿ ಮೈನಸ್ 20 ಡಿಗ್ರಿಯಲ್ಲಿ ಇರಲಿ. ಕರೆಂಟು ಹೋಗಿ ಬಂದದ್ದು ತಿಳಿಯಲು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೆ ಒಂದು ನಾಣ್ಯ ಇಡಿ. ನಾಣ್ಯ ಕೆಳಗಿಳಿದಿದ್ದರೆ ಫ್ರೀಜರ್ ಕರಗಿತ್ತು ಎಂದರ್ಥ. ವರದಿಯಲ್ಲಿ ಕೊಬ್ಬಿನ ಶೇಕಡಾ ಪ್ರಮಾಣವನ್ನೂ ಪತ್ತೆಹಚ್ಚಬಲ್ಲ ಕನಿಷ್ಠ ಮಟ್ಟವನ್ನೂ ಕೇಳಿ ಪಡೆಯಿರಿ. ಕೊಬ್ಬಿನ ಲೆಕ್ಕವಿಲ್ಲದೆ ಎರಡು ಮೊಟ್ಟೆಗಳನ್ನು ಹೋಲಿಸಲಾಗದು. ಥ್ಯಾಲೇಟ್ ಕಾಣದಿದ್ದರೆ ಹಕ್ಕಿ ಪ್ಲಾಸ್ಟಿಕ್ಕು ತಿಂದಿಲ್ಲವೆಂದಲ್ಲ. ಥ್ಯಾಲೇಟ್ ಮೈಯಲ್ಲಿ ಬೇಗ ಒಡೆದುಹೋಗುತ್ತದೆ. ಡಿಡಿಇ ಕಂಡರೆ ಈ ವರ್ಷ ಯಾರೋ ಡಿಡಿಟಿ ಹೊಡೆದರು ಎನ್ನುವಂತೆಯೂ ಇಲ್ಲ, ಮಣ್ಣಿನಲ್ಲಿ ಅದು ದಶಕಗಟ್ಟಲೆ ಉಳಿಯುತ್ತದೆ.

ಪರೀಕ್ಷೆಗೆ ಅರ್ಧ ಬಳಸಿ, ಉಳಿದರ್ಧವನ್ನು ಫ್ರೀಜರಿನಲ್ಲೇ ಇಡಲು ಪ್ರಯೋಗಾಲಯದವರಿಗೆ ಮೊದಲೇ ಹೇಳಿ. ಮಹಾಸರೋವರಗಳಲ್ಲಿ 1980ರ ದಶಕದಿಂದ ಪಿಬಿಡಿಇ ಹೇಗೆ ಏರಿತೆಂದು ಗೊತ್ತಾದದ್ದು ಹೀಗೆ ಎತ್ತಿಟ್ಟ ಗಲ್ ಮೊಟ್ಟೆಗಳನ್ನು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ.